ಕೆಳಪೇಟೆಯ ಗೋಡೆಗೆ ಹದಿನೆಂಟು

ಮೊದಲು ಟೇಪಿನ ವಿಷಯ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಗೆ ತಪ್ಪೆಲ್ಲ ಅದರ ತಲೆಗೆ ಬರುತ್ತದೆ. ಅದು ಉಕ್ಕಿನ ಟೇಪು, ಐದು ಮೀಟರಿನದು. ವರ್ಷಕ್ಕೆ ಎರಡು ಸಲ ಅದನ್ನು ಬಟ್ಟೆ ಅಂಗಡಿಯ ಮೀಟರ್ ಕೋಲಿನ ಪಕ್ಕದಲ್ಲಿ ಹಿಡಿದು ನೋಡುತ್ತೇನೆ. ಕೂದಲೆಳೆಯಷ್ಟೂ ವ್ಯತ್ಯಾಸ ಕಂಡಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಮೂರು ಟೇಪು ಬದಲಿಸಿದ್ದೇನೆ, ಮೂರೂ ಸರಿಯಾಗಿದ್ದವು. ಸರಿಯಾಗಿ ಅಳೆದೂ ಸುಳ್ಳು ಬರೆಯಬಹುದು ಎಂಬುದು ನನಗೆ ತಡವಾಗಿ ಗೊತ್ತಾಯಿತು. ತಡವಾಗಿ ಎಂದು ಬರೆದದ್ದೂ ಪೂರ್ತಿ ನಿಜವಲ್ಲವೇನೋ. ಗೊತ್ತಿತ್ತು, ಬಾಯಿಬಿಟ್ಟು ಹೇಳುವ ಧೈರ್ಯ ಇರಲಿಲ್ಲ.

ನನ್ನ ಹೆಸರು ಯಮನಪ್ಪ. ಊರಿನ ಕ್ರೀಡಾ ಸಮಿತಿಯಲ್ಲಿ ಅಳತೆಗಾರ, ಸಭೆಯ ನಡಾವಳಿ ಬರೆಯುವವನೂ ನಾನೇ. ಹಗಲು ಈ ಕೆಲಸ ಮಾಡುತ್ತಾ ಸಂಜೆ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿಕೊಂಡೆ, ಐದು ವರ್ಷ ಹಿಡಿಯಿತು. ಪ್ರತಿ ಬೇಸಿಗೆಯಲ್ಲಿ ಹದಿನಾರು ತುಂಬುವವರೆಗಿನ ಮಕ್ಕಳಿಗೆ ಪರೀಕ್ಷೆ ನಡೆಯುತ್ತದೆ. ದೂರದ ಕ್ರೀಡಾ ವಸತಿ ಶಾಲೆಯಲ್ಲಿ ನಮ್ಮೂರಿಗೆ ಎರಡು ಸೀಟು. ಅಲ್ಲಿ ಸೇರಿದರೆ ಊಟ, ಓದು, ತರಬೇತಿ ಎಲ್ಲ ಅವರದೇ, ಮುಂದೆ ಎಲ್ಲಾದರೂ ಒಂದು ನೌಕರಿಯೂ ಸಿಗುತ್ತದೆ. ಪರೀಕ್ಷೆ ಬಹಳ ಸರಳ. ಗೋಡೆಗೆ ಪಕ್ಕೆ ಕೊಟ್ಟು, ಹಿಮ್ಮಡಿ ಊರಿ ನಿಂತು, ಸುಣ್ಣದ ಪುಡಿ ಹಚ್ಚಿದ ಬೆರಳನ್ನು ಎಷ್ಟು ಮೇಲಕ್ಕೆ ಚಾಚಲು ಆಗುತ್ತದೋ ಅಲ್ಲಿ ಒಂದು ಗುರುತು. ಆಮೇಲೆ ಹೆಜ್ಜೆ ಇಡದೆ, ನಿಂತಲ್ಲೇ ಮೊಣಕಾಲು ಬಗ್ಗಿಸಿ, ಕೈ ಬೀಸಿ ಜಿಗಿದು ಇನ್ನೊಂದು ಗುರುತು. ಎರಡರ ನಡುವಿನ ಅಂತರವೇ ಅಂಕ. ಮೂರು ಅವಕಾಶ, ಅದರಲ್ಲಿ ಒಳ್ಳೆಯದು ಲೆಕ್ಕಕ್ಕೆ. ನಿಂತಲ್ಲಿಂದ ಮರಳಿಗೆ ಉದ್ದ ಜಿಗಿತ, ಕೂತು ಮೂರು ಕಿಲೋ ಚೆಂಡು ಎಸೆಯುವುದು ಇವೂ ಇವೆ, ಆದರೆ ಸೀಟು ತೀರ್ಮಾನವಾಗುವುದು ಗೋಡೆಯಲ್ಲೇ. ನಲವತ್ತೈದು ಸೆಂಟಿಮೀಟರ್ ಮುಟ್ಟಬೇಕು. ನಮೂನೆಯಲ್ಲಿ ‘ಸ್ಫೋಟಕ ಶಕ್ತಿ’ ಎಂದೊಂದು ಕಲಂ ಇದೆ. ನಲವತ್ತೈದು ಮುಟ್ಟಿದವರಿಗೆ ‘ಉತ್ತಮ’ ಎಂದು ಬರೆಯಬೇಕು, ಮುಟ್ಟದವರಿಗೆ ‘ಸಾಲದು’ ಎಂದು. ಕೆಳಪೇಟೆಯ ಮಕ್ಕಳ ಹೆಸರಿನ ಮುಂದೆ ಇಪ್ಪತ್ತೆರಡು ವರ್ಷ ನಾನು ‘ಸಾಲದು’ ಎಂದೇ ಬರೆದಿದ್ದೇನೆ, ಒಂದು ಸಲವೂ ಬೇರೆ ಬರೆದಿಲ್ಲ.

ನಮ್ಮೂರು ಮೇಲ್ಪೇಟೆ, ಕೆಳಪೇಟೆ ಎಂದು ಎರಡು. ನಡುವೆ ಮೂವತ್ತೆರಡು ಕಲ್ಲಿನ ಮೆಟ್ಟಿಲು. ಮೇಲಿನಿಂದ ಎಣಿಸಿದರೆ ಹತ್ತೊಂಬತ್ತನೆಯ ಮೆಟ್ಟಿಲಿನಿಂದ ಕೆಳಕ್ಕೆ ನೆಲ ಭಾರ. ಮೇಲಕ್ಕೆ ಹಗುರ. ಆ ಮೆಟ್ಟಿಲಿನ ಪಕ್ಕದಲ್ಲಿ ಒಂದು ಹೊರೆಗಲ್ಲು ಇದೆ. ಕೆಳಗಿನಿಂದ ಹೊರೆ ತರುವವರು ಅಲ್ಲಿ ಇಳಿಸಿ ಉಸಿರು ತೆಗೆದುಕೊಳ್ಳುತ್ತಾರೆ, ಒಂದು ಕಾಲು ಮುಂದಿಟ್ಟರೆ ಅದೇ ಮೂಟೆ ಅರ್ಧ ಇಳಿದಂತಾಗುತ್ತದೆ. ಮೇಲಿನಿಂದ ಬರುವವರು ಅಲ್ಲಿ ಗೋಡೆ ಹಿಡಿದುಕೊಳ್ಳುತ್ತಾರೆ. ಕೆಳಪೇಟೆಯಲ್ಲಿ ಕೊಡ ಮುಕ್ಕಾಲು ತುಂಬಿಸುತ್ತೇವೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ನಡುವೆ ಒಂದು ಕವೆಗೋಲು ಕೊಡುತ್ತೇವೆ, ಮಕ್ಕಳು ಒಂದೂವರೆ ವರ್ಷಕ್ಕೆ ನಡೆದರೆ ಬೇಗ ನಡೆಯಿತು ಎನ್ನುತ್ತೇವೆ. ಮೇಲ್ಪೇಟೆಯಲ್ಲಿ ಹಪ್ಪಳ ಒಣಗಿಸುವಾಗ ಮೇಲೊಂದು ಕಲ್ಲು ಇಡುತ್ತಾರೆ. ಅಲ್ಲಿಯ ಮುದುಕರು ಮೊಣಕಾಲು ನೋವು ಎಂದದ್ದನ್ನು ನಾನು ಕೇಳಿಲ್ಲ. ಮೇಲಿನವರ ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ಕಪಾಟು, ಮಂಚ ಎಲ್ಲವೂ ಕೆಳಗಿನ ರಸ್ತೆಗೆ ಬಂದು ಇಳಿಯುತ್ತವೆ. ಅವನ್ನು ಹೊತ್ತು ಮೇಲೆ ಮುಟ್ಟಿಸುವವರು ನಮ್ಮ ಕೇರಿಯವರು. ಅವರ ಮಕ್ಕಳ ಕಾಲಿಗೆ ಶಕ್ತಿ ಸಾಲದು ಎಂದು ನಾನು ಬರೆದೆ.

ನಿಯಮ ಹೀಗಿದೆ: ‘ಅಭ್ಯರ್ಥಿಗಳ ಅನುಕೂಲಕ್ಕಾಗಿ ಅವರವರನ್ನು ಅವರವರ ಪೇಟೆಯ ಗೋಡೆಯಲ್ಲೇ ಪರೀಕ್ಷಿಸತಕ್ಕದ್ದು.’ ಅನುಕೂಲಕ್ಕಾಗಿ. ಪಾಪ, ಕೆಳಗಿನ ಮಕ್ಕಳು ಮೆಟ್ಟಿಲು ಹತ್ತಿ ದಣಿಯಬಾರದಲ್ಲ.

ಸಂಜೆ ಕಾಲೇಜಿನಲ್ಲಿ ನಮಗೆ ಪಾಠ ಮಾಡುತ್ತಿದ್ದ ಮೇಷ್ಟ್ರೊಬ್ಬರು ಒಂದು ದಿನ, ಅಳೆಯುವವನು ಅಂಕಿಯ ಜೊತೆಗೆ ತಾನು ನಿಂತ ಜಾಗವನ್ನೂ ಬರೆಯಬೇಕು ಎಂದಿದ್ದರು. ನಾನು ಅದನ್ನು ನೋಟ್ ಪುಸ್ತಕದಲ್ಲಿ ಅಡಿಗೆರೆ ಹಾಕಿ ಬರೆದುಕೊಂಡೆ. ನಮೂನೆಯಲ್ಲಿ ಜಾಗಕ್ಕೆ ಕಲಂ ಇರಲಿಲ್ಲ, ಹಾಗಾಗಿ ಬರೆಯಲಿಲ್ಲ. ನಾನು ಅಂಥ ಮನುಷ್ಯ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು. ಕಲಂ ಇಲ್ಲದ ಕಡೆ ಒಂದು ಅಕ್ಷರವನ್ನೂ ಬರೆಯದವನು.

ನನ್ನನ್ನು ಕೆಡಿಸಿದವಳು ನೀಲಗಂಗಾ. ನಮ್ಮ ಓಣಿಯ ದ್ಯಾಮವ್ವನ ಮಗಳು. ದ್ಯಾಮವ್ವ ಸಿಲಿಂಡರ್ ಹೊರುವವಳು, ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗಳು ಹದಿಮೂರಕ್ಕೆ ಗೋಡೆಗೆ ಬಂದು ಮೂವತ್ತಾರು ಜಿಗಿದಳು, ಮರುವರ್ಷ ಮೂವತ್ತೊಂಬತ್ತು, ಕಳೆದ ವರ್ಷ ನಲವತ್ತು. ಕೆಳಪೇಟೆಯ ಗೋಡೆಯಲ್ಲಿ ಅಷ್ಟು ಮೇಲೆ ಸುಣ್ಣದ ಗುರುತು ಬಿದ್ದದ್ದನ್ನು ನಾನು ನೋಡಿರಲಿಲ್ಲ. ಈ ವರ್ಷ ಅವಳಿಗೆ ಹದಿನಾರು, ಇದೇ ಕೊನೆ. ಸಿಗದಿದ್ದರೆ ಜೂನ್ ತಿಂಗಳಿನಿಂದ ತಾಯಿಯ ಜೊತೆ ಸಿಲಿಂಡರ್ ಎಂದು ಮನೆಯಲ್ಲಿ ಮಾತಾಗಿತ್ತು. ಹೆಗಲಿಗೆ ಹಾಕುವ ಸಿಂಬಿಯನ್ನು ದ್ಯಾಮವ್ವ ಆಗಲೇ ಹೊಲಿದಿಟ್ಟಿದ್ದಳು.

ಪರೀಕ್ಷೆಗೆ ಒಂದು ತಿಂಗಳಿದ್ದಾಗ ನೀಲಗಂಗಾ ನನ್ನನ್ನು ಹೊರೆಗಲ್ಲಿನ ಹತ್ತಿರ ತಡೆದಳು. “ಯಮನಪ್ಪ ಕಾಕಾ, ಒಂದೇ ಒಂದು ಸಲ ನನ್ನ ಮ್ಯಾಲಿನ ಗೋಡಿಗೆ ಅಳೀರಿ. ಬರಕೋಬ್ಯಾಡ್ರಿ. ನನಗ ಗೊತ್ತಾದ್ರ ಸಾಕು.”

ಬೇಡ ಎಂದೆ. ನಿಯಮ ಎಂದೆ. ಅವಳು ನಕ್ಕಳು. “ಟೇಪಿಗೆ ಯಾರ ಕಾಲು ಅಂತ ಗೊತ್ತಾಗ್ತೈತೇನು?”

ಆ ಮಾತು ಮೂರು ದಿನ ನನ್ನ ತಲೆಯಲ್ಲಿ ಕೂತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ, ಮೇಲ್ಪೇಟೆಯವರೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ, ಮೇಲಿನ ಗೋಡೆಯಿದ್ದ ಶಾಲೆಯ ಕಾವಲುಗಾರ ಇಮಾಮಸಾಬನಿಗೆ ಟೇಪು ಪರೀಕ್ಷಿಸಬೇಕು ಎಂದು ಸುಳ್ಳು ಹೇಳಿ ಗೇಟು ತೆಗೆಸಿದೆ. ಅವನು ಹುಡುಗಿಯನ್ನು ನೋಡಿದ, ನನ್ನನ್ನು ನೋಡಿದ, ಬೀಡಿ ತರಲು ಹೋಗುತ್ತೇನೆಂದು ಹೊರಟುಹೋದ. ಅವಳನ್ನು ಗೋಡೆಗೆ ನಿಲ್ಲಿಸಿ ಕೈ ಚಾಚಿಸಿ ಅಳೆದೆ. ನೂರ ತೊಂಬತ್ತಾರು, ಕೆಳಗೆಷ್ಟೋ ಅಷ್ಟೇ. ಭುಜ ಕುಗ್ಗಿಸಿದ್ದಾಳೇನೋ ಎಂದು ಇನ್ನೆರಡು ಸಲ ನೋಡಿದೆ. ಕುಗ್ಗಿಸಿರಲಿಲ್ಲ.

ಅವಳು ಮೊಣಕಾಲು ಬಗ್ಗಿಸಿದಳು, ಕೈ ಹಿಂದಕ್ಕೊಯ್ದಳು, ಎದ್ದಳು. ನಾನು ನೋಡುತ್ತಲೇ ಇದ್ದೆ, ಅವಳು ಇನ್ನೂ ಏರುತ್ತಿದ್ದಳು. ಬೆರಳು ಬಡಿದ ಸದ್ದು ನನ್ನ ತಲೆಯ ಮೇಲೆ ಎಲ್ಲೋ ಕೇಳಿಸಿತು. ಇಳಿದವಳು ಅಭ್ಯಾಸವಿಲ್ಲದ ಹಗುರದಲ್ಲಿ ಎರಡು ಹೆಜ್ಜೆ ತಟ್ಟಾಡಿ, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು. “ಕಾಕಾ, ಮ್ಯಾಲ ಹೋದಾಗ ಏನ್ ಮಾಡ್ಬೇಕಂತ ತಿಳೀಲಿಲ್ಲ. ಭಾಳ ಹೊತ್ತು ಇದ್ದೆ ಅಲ್ಲ?”

ಸ್ಟೂಲು ಹಾಕಿಕೊಂಡು ಅಳೆದೆ. ಇನ್ನೂರ ಅರವತ್ತೆರಡು. ಅಂದರೆ ಅರವತ್ತಾರು. ಮೇಲ್ಪೇಟೆಯ ಮಕ್ಕಳಲ್ಲಿ ಐವತ್ತೆರಡು ದಾಟಿದವರನ್ನು ನಾನು ಕಂಡಿಲ್ಲ. ಮತ್ತೆ ಅಳೆದೆ, ಮತ್ತೆ ಅದೇ. ಸಂತೋಷವಾಯಿತು ಎಂದು ಬರೆಯಬಹುದಿತ್ತು, ಆದರೆ ಅದು ಸಂತೋಷವಲ್ಲ. ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸುವಾಗ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಗಾರೆ ಕಿತ್ತು ಬರುವಷ್ಟು ಉಜ್ಜಿದೆ.

ಆಮೇಲೆ ಹಳೆಯ ನಡಾವಳಿ ಪುಸ್ತಕಗಳನ್ನು ಹುಡುಕಿದೆ. ನಾನು ಸೇರುವುದಕ್ಕೂ ಆರು ವರ್ಷ ಹಿಂದಿನವರೆಗೆ ಎಲ್ಲರಿಗೂ ಮೇಲಿನ ಗೋಡೆಯಲ್ಲೇ ಪರೀಕ್ಷೆ ನಡೆಯುತ್ತಿತ್ತು. ಅಂಥ ಎರಡು ವರ್ಷದ ಪಟ್ಟಿ ಸಿಕ್ಕಿತು. ಎರಡು ವರ್ಷವೂ ಎರಡೂ ಸೀಟು ಕೆಳಪೇಟೆಗೆ. ಮೂರನೆಯ ವರ್ಷದ ಮೊದಲ ಸಭೆಯಲ್ಲಿ ‘ಅಭ್ಯರ್ಥಿಗಳ ಅನುಕೂಲಕ್ಕಾಗಿ’ ಎಂಬ ನಿಯಮ.

ಆ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಸಮಿತಿಯ ಸಭೆಗೆ ಹೋದೆ. ಏನೇನು ಹೇಳಬೇಕೆಂದು ಹಾಳೆಯಲ್ಲಿ ಬರೆದುಕೊಂಡಿದ್ದೆ, ಎರಡು ಸಲ ತಿದ್ದಿ ಚೊಕ್ಕ ಮಾಡಿದ್ದೆ. ನಮ್ಮ ಅಧ್ಯಕ್ಷರು ಮಹಾರುದ್ರಪ್ಪನವರು. ಕಿರಾಣಿ ಸಗಟು ವ್ಯಾಪಾರ, ಮೆತ್ತನೆಯ ದನಿ. ಅವರ ತಂಗಿಯ ಮಗ ಸಮರ್ಥ ಈ ವರ್ಷ ಪರೀಕ್ಷೆಗೆ ನಿಲ್ಲುವವನಿದ್ದ. ಉಳಿದ ನಾಲ್ವರು ಸದಸ್ಯರೂ ಮೇಲ್ಪೇಟೆಯವರೇ. ನಾನು ನಿಂತುಕೊಂಡೇ ಓದಿದೆ. ಕೆಳಗಿನ ನೆಲ ಭಾರವಾದ್ದರಿಂದ ಅಲ್ಲಿಯ ಅಂಕಕ್ಕೂ ಮೇಲಿನ ಅಂಕಕ್ಕೂ ಹೋಲಿಕೆ ಸರಿಯಲ್ಲ, ಎಲ್ಲರನ್ನೂ ಒಂದೇ ಗೋಡೆಯಲ್ಲಿ ನೋಡಬೇಕು, ಆಗದಿದ್ದರೆ ಕೆಳಗಿನ ಅಂಕಕ್ಕೆ ತಕ್ಕಷ್ಟು ಸೇರಿಸಬೇಕು ಎಂದು. ಪುರಾವೆಯಾಗಿ ಹಳೆಯ ಪಟ್ಟಿಯನ್ನು ಮುಂದಿಟ್ಟೆ. ಅವರು ಅಲ್ಲಗಳೆಯುತ್ತಾರೆ, ಆಗ ಈ ಸಾಲನ್ನು ತೋರಿಸಬೇಕು, ಆಮೇಲೆ ಆ ಸಾಲನ್ನು ಎಂದು ಸಿದ್ಧನಾಗಿ ಹೋಗಿದ್ದೆ.

ಯಾರೂ ಅಲ್ಲಗಳೆಯಲಿಲ್ಲ. ಮಹಾರುದ್ರಪ್ಪನವರು ಪುಸ್ತಕವನ್ನು ತೆರೆಯದೆ ನನ್ನ ಕಡೆಗೇ ಸರಿಸಿದರು.

“ಕೆಳಗ ನೆಲ ಭಾರ ಐತಿ ಅಂತ ಯಾರಿಗೆ ಗೊತ್ತಿಲ್ಲ, ಯಮನಪ್ಪ? ಗೊತ್ತಿದ್ದದ್ದಕ್ಕ ಪುರಾವೆ ಯಾಕ?”

ಹಾಗಾದರೆ ಈ ನಿಯಮ ಯಾಕೆ ಎಂದೆ.

“ಗೊತ್ತಿರೋದಕ್ಕ ಅಲ್ಲೇನು ನಿಯಮ ಮಾಡಿದ್ದು? ನಮ್ಮ ಹುಡುಗರೂ ಒಂದೆರಡು ಕಡೆ ಹೋಗಿ ಬರಲಿ. ನಿಮ್ಮವರಿಗೆ ಹೊರೋ ಕೆಲಸ ಇದ್ದೇ ಐತಿ, ಊಟಕ್ಕೇನು ಕಮ್ಮಿ ಆಗಿಲ್ಲ.” ಸ್ವಲ್ಪ ತಡೆದು, ಮಗುವಿಗೆ ಹೇಳುವಂತೆ ಹೇಳಿದರು: “ಇನ್ನ ಸೇರಸೂದು ಅಂತೀ. ಎಷ್ಟು ಸೇರಸೂದು? ಹತ್ತೋ, ಹದಿನೈದೋ? ನೆಲದ ಭಾರ ಯಾರು ಅಳೀಬೇಕು? ಆಗದ ಮಾತು ಅದು. ಶಾಸ್ತ್ರಕ್ಕ ಸರಿ ಹೋಗೂದಿಲ್ಲ.”

ಇನ್ನೊಬ್ಬರು, ಸಂಜೆ ಕಾಲೇಜಿನ ಓದಿನ ಅಮಲು ಬೆಳಗಿನ ಹೊತ್ತಿಗೆ ಇಳಿದುಹೋಗಬೇಕಿತ್ತಲ್ಲ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಗೆ ನಕ್ಕದ್ದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಬರೆದಿದ್ದೇನೆ. ಆ ದಿನದ ನಡಾವಳಿಯಲ್ಲಿ ‘ಅಳತೆಗಾರರ ಸಲಹೆಯನ್ನು ಪರಿಶೀಲಿಸಿ ಕೈಬಿಡಲಾಯಿತು’ ಎಂದು ನನ್ನ ಕೈಯಿಂದಲೇ, ದುಂಡಗಿನ ಅಕ್ಷರದಲ್ಲಿ ಬರೆದೆ.

ಪರೀಕ್ಷೆಯ ಹಿಂದಿನ ದಿನ ಮೇಲ್ಪೇಟೆಯ ಶಾಲೆಗೆ ಸುಣ್ಣ ಬಳಿಯುವವರು ಬಂದಿದ್ದರು. ಪ್ರತಿ ವರ್ಷವೂ ಬರುತ್ತಾರೆ. ಪ್ರತಿ ವರ್ಷವೂ ನಾನು ಅಳತೆಯ ಗೋಡೆಯ ಮುಂದೆ ನಿಂತು, ಇದೊಂದನ್ನು ಬಿಡಿ, ನಾಳೆ ಬೇಕು, ಹಸಿ ಸುಣ್ಣದ ಮೇಲೆ ಬೆರಳಿನ ಗುರುತು ಏಳುವುದಿಲ್ಲ ಎಂದು ಹೇಳುತ್ತೇನೆ. ಈ ಸಲವೂ ಹೋಗಿ ನಿಂತೆ. ಸುಣ್ಣದವನು ಏಣಿಯ ಮೇಲಿನಿಂದ ಕೇಳಿದ: “ಇದನ್ನ ಬಿಡ್ಲೇನ್ರಿ, ಹೋದ ವರ್ಷದಂಗ?”

“ಹಚ್ಚು,” ಎಂದೆ. “ಎರಡು ಕೈ ಹಚ್ಚು. ದಪ್ಪಗೆ.”

ಮುಂದೇನಾಗುತ್ತದೆ ಎಂದು ನಾನು ಯೋಚಿಸಿರಲಿಲ್ಲ. ಮೇಲಿನ ಹುಡುಗರು ಒಂದು ಸಲ, ಒಂದೇ ಒಂದು ಸಲ, ನಮ್ಮ ಗೋಡೆಯ ಮುಂದೆ ನಿಂತು ಜಿಗಿಯಬೇಕು ಎನ್ನುವುದಷ್ಟೇ ಮನಸ್ಸಿನಲ್ಲಿತ್ತು.

ಮರುದಿನ ವಸತಿ ಶಾಲೆಯಿಂದ ತರಬೇತುದಾರರು ಬಂದರು. ನಡುವಯಸ್ಸಿನ ಹೆಂಗಸು, ಹೊರಗಿನವರು, ಕೊರಳಲ್ಲಿ ಸೀಟಿ. ಮೊದಲು ಕೆಳಪೇಟೆ. ಹತ್ತೊಂಬತ್ತನೆಯ ಮೆಟ್ಟಿಲಿನಲ್ಲಿ ಅವರ ಮೊಣಕಾಲು ಕುಸಿದು ಹೊರೆಗಲ್ಲನ್ನು ಹಿಡಿದುಕೊಂಡರು. ಬಿಸಿಲಿಗೆ ತಲೆ ತಿರುಗಿತೇನೋ ಎಂದು ತಾವೇ ಹೇಳಿಕೊಂಡರು. ಸಮಿತಿಯವರು ಯಾರೂ ಜೊತೆಗೆ ಬಂದಿರಲಿಲ್ಲ, ಕೆಳಗಿನ ಪರೀಕ್ಷೆಗೆ ಅವರು ಯಾವತ್ತೂ ಬರುವುದಿಲ್ಲ. ಏಳು ಮಕ್ಕಳು ಜಿಗಿದರು. ನೀಲಗಂಗಾ ಕೊನೆಗೆ. ಮೊದಲ ಸಲ ನಲವತ್ತು, ಎರಡನೆಯ ಸಲ ಮೂವತ್ತೊಂಬತ್ತು. ಮೂರನೆಯ ಸಲ ಗೋಡೆಯನ್ನು ನೋಡುತ್ತಾ ತುಂಬ ಹೊತ್ತು ನಿಂತಳು. ಜಿಗಿದಾಗ ಅವಳ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ನಲವತ್ತೊಂದು. ಇಳಿದ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದು ಕೂತಿತು. ಅವಳು ನನ್ನ ಪೆನ್ನನ್ನೇ ನೋಡುತ್ತಿದ್ದಳು. ನಾನು ‘ಸಾಲದು’ ಎಂದು ಬರೆದೆ. ದ್ಯಾಮವ್ವ ಶಾಲೆಯ ಜಗಲಿಯಿಂದ ಎದ್ದು, ಕೆಲಸಕ್ಕೆ ಹೊತ್ತಾಯಿತೆಂದು ಸೆರಗು ಬಿಗಿದು ಹೊರಟಳು. ಹೋಗುವಾಗ ಮಗಳ ತಲೆ ಮುಟ್ಟಿದಳು.

ಹನ್ನೊಂದು ಗಂಟೆಗೆ ಮೇಲಿನ ಗೋಡೆ. ಆರು ಹುಡುಗರು ಹೊಸ ಬೂಟು ಹಾಕಿಕೊಂಡು ನಿಂತಿದ್ದರು. ಮೊದಲನೆಯವನು ಜಿಗಿದ. ಗೋಡೆಯ ಮೇಲೆ ಏನೂ ಕಾಣಲಿಲ್ಲ, ಬೆರಳಿಗೆ ಸುಣ್ಣ ಮೆತ್ತಿಕೊಂಡಿತು ಅಷ್ಟೇ. ಇನ್ನೊಬ್ಬ ಜಿಗಿದ. ಅದೇ ಕಥೆ. ಮಹಾರುದ್ರಪ್ಪನವರು ನನ್ನ ಮುಖ ನೋಡಿದರು. ನಾನು ನಿಯಮದ ಪುಸ್ತಕ ತೆರೆದು ಏಳನೆಯ ನಿಯಮವನ್ನು ಓದಿದೆ: ಗೋಡೆ ಅಳತೆಗೆ ಯೋಗ್ಯವಿಲ್ಲದಿದ್ದರೆ ಸಮಿತಿ ಒಪ್ಪಿದ ಇನ್ನೊಂದು ಗೋಡೆಯಲ್ಲಿ ಅದೇ ದಿನ ಪರೀಕ್ಷೆ ಮುಗಿಸತಕ್ಕದ್ದು. ಸಮಿತಿ ಒಪ್ಪಿದ ಗೋಡೆ ಊರಿನಲ್ಲಿ ಎರಡೇ.

ನಾಳೆ ಮಾಡೋಣ ಎಂದರು ಅಧ್ಯಕ್ಷರು. ತರಬೇತುದಾರರು ಒಪ್ಪಲಿಲ್ಲ. “ಇವತ್ತು ಸಂಜೆಯೊಳಗೆ ಪಟ್ಟಿ ಕೊಡಬೇಕು, ನನಗೆ ನಾಲ್ಕು ಗಂಟೆಗೆ ಬಸ್ಸಿದೆ. ಗೋಡೆ ಯಾವುದಾದರೇನು ಸರ್? ಬೆಳಿಗ್ಗೆ ಅಲ್ಲೇ ಏಳು ಮಕ್ಕಳನ್ನು ನೋಡಿದೆವಲ್ಲ.”

ಗೋಡೆ ಯಾವುದಾದರೇನು. ಅದಕ್ಕೆ ಉತ್ತರ ಹೇಳಬೇಕಾದರೆ ಅವರು ಎಲ್ಲವನ್ನೂ ಹೇಳಬೇಕಿತ್ತು. ಐದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೆಟ್ಟಿಲಿಳಿದರು.

ಅವರು ಇಳಿದದ್ದನ್ನು ನೋಡಲು ನಮ್ಮ ಓಣಿಯೆಲ್ಲ ಬಾಗಿಲಿಗೆ ಬಂತು. ಹತ್ತೊಂಬತ್ತನೆಯ ಮೆಟ್ಟಿಲು ದಾಟುತ್ತಿದ್ದಂತೆ ಮಹಾರುದ್ರಪ್ಪನವರು ಸೋದರಳಿಯ ಸಮರ್ಥನ ಹೆಗಲಿಗೆ ಜೋತುಬಿದ್ದರು. ಒಬ್ಬ ಸದಸ್ಯರು ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದರು. “ಅಜ್ಜಾರ, ಸಿಂಬಿ ಕೊಡ್ಲೇನ್ರಿ?” ಎಂದು ಯಾರೋ ಮುದುಕಿ ಕೇಳಿದಳು. ಹುಡುಗರು ಹೊಸ ಬೂಟನ್ನು ಎಳೆದುಕೊಂಡು ಬಂದರು.

ಸಮರ್ಥ ಮೊದಲು ಜಿಗಿದ. ಕೆಟ್ಟ ಹುಡುಗನಲ್ಲ ಅವನು, ಮೇಲಿನ ಗೋಡೆಯಲ್ಲಿ ನಲವತ್ತಾರು ಮಾಡುತ್ತಿದ್ದ. ಇಲ್ಲಿ ಇಪ್ಪತ್ತೆಂಟು. ಮೂರು ಸಲವೂ ಇಪ್ಪತ್ತೆಂಟರ ಮೇಲೆ ಏಳಲಿಲ್ಲ. ಮೂರನೆಯ ಸಲ ಇಳಿದವನು ನೆಲವನ್ನು ಕಾಲಿನಿಂದ ಒದ್ದ, ಅವನಿಗೇ ನೋವಾಯಿತು. ಕೌಶಿಕನೆಂಬ ಇನ್ನೊಬ್ಬ ಹುಡುಗನಿಗೆ ಮೂವತ್ತು. ಉಳಿದವರು ಇಪ್ಪತ್ತಾರು, ಇಪ್ಪತ್ತೈದು, ಅದಕ್ಕಿಂತ ಕಡಿಮೆ. ನಾನು ಒಂದೊಂದನ್ನೂ ಮೂರು ಸಲ ಅಳೆದು, ಜೋರಾಗಿ ಹೇಳಿ ಬರೆದೆ. ಆರು ಸಲ ‘ಸಾಲದು’ ಎಂದು ಬರೆದೆ. ಅಷ್ಟು ಹೊತ್ತಿಗೆ ನನಗೆ ಇನ್ನೊಂದು ಹೊಳೆಯಿತು. ಯಾರೂ ನಲವತ್ತೈದು ಮುಟ್ಟಿಲ್ಲ. ನೀಲಗಂಗಾ ಕೂಡ. ಈ ವರ್ಷ ಯಾರಿಗೂ ಸೀಟಿಲ್ಲ. ನನ್ನ ಸಿಟ್ಟು ಅವಳಿಗೆ ಒಂದು ಸೆಂಟಿಮೀಟರನ್ನೂ ಕೊಟ್ಟಿರಲಿಲ್ಲ.

ಆಗ ಮಹಾರುದ್ರಪ್ಪನವರು ತುರ್ತು ಸಭೆ ಕರೆದರು. ಕೆಳಪೇಟೆ ಶಾಲೆಯ ಜಗಲಿಯ ಮೇಲೆ, ಏದುಸಿರಿನಲ್ಲಿ. ತರಬೇತುದಾರರು ಗೋಡೆಯ ಹತ್ತಿರ ಮಕ್ಕಳ ಜೊತೆ ನಿಂತಿದ್ದರು. ಅಧ್ಯಕ್ಷರು ಬೆರಳು ಮಡಚಿ ಲೆಕ್ಕ ಹಾಕಿದರು. ಸಮರ್ಥ ಮೇಲೆ ನಲವತ್ತಾರು, ಇಲ್ಲಿ ಇಪ್ಪತ್ತೆಂಟು. “ಹದಿನೆಂಟು ಬರಕೋ,” ಎಂದರು ನನಗೆ. “ಈ ಗೋಡಿ ನೆಲ ಭಾರ ಇರೂದರಿಂದ ಇವತ್ತು ಇಲ್ಲಿ ಜಿಗಿದವರ ಅಂಕಕ್ಕ ಹದಿನೆಂಟು ಸೆಂಟಿಮೀಟರ್ ಸೇರಿಸತಕ್ಕದ್ದು. ಲಗೂ ಬರಿ.”

ಹಿಂದಿನ ಸಭೆಯಲ್ಲಿ ಇದು ಆಗದ ಮಾತಾಗಿತ್ತು. ಶಾಸ್ತ್ರಕ್ಕೆ ಸರಿಹೋಗದ್ದಾಗಿತ್ತು. ಈಗ ನೆಲದ ಭಾರವನ್ನು ಅವರು ಬೆರಳಲ್ಲಿ ಅಳೆದು ಮುಗಿಸಿದ್ದರು, ಐದು ನಿಮಿಷ ಹಿಡಿಯಲಿಲ್ಲ. ಅದೂ ಎಂಥ ಅಳತೆ. ನೀಲಗಂಗಾಳ ಕಾಲು ಮೇಲಿನ ಗೋಡೆಯಲ್ಲಿ ಇಪ್ಪತ್ತೈದು ಹೆಚ್ಚು ಏರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹದಿನೆಂಟು ಎಂಬುದು ಆ ಹುಡುಗನಿಗೆ ಎಷ್ಟು ಬೇಕಿತ್ತೋ ಅಷ್ಟು ಮಾತ್ರ. ನಮ್ಮ ನೆಲದ ಭಾರಕ್ಕೂ ಅವರ ಮನೆಯ ಹುಡುಗನೇ ಅಳತೆಗೋಲು.

ಬರೆದೆ. ನನ್ನ ರೂಢಿಯಂತೆ ಎರಡು ಸಲ ಓದಿ ಹೇಳಿದೆ. ಆಮೇಲೆ ತಲೆ ಎತ್ತದೆ ಕೇಳಿದೆ: “ಜಿಗಿದವರು ಎಲ್ಲರಿಗೂ ಅಂತ ಹಾಕ್ಲೇನ್ರಿ, ಒಬ್ಬೊಬ್ಬರ ಹೆಸರು ಹಾಕ್ಲೇನ್ರಿ?”

“ಎಲ್ಲರಿಗೂ ಅಂತ ಹಾಕು ಮಾರಾಯ. ಹೆಸರು ಬರಕೋತ ಕುಂದರ್ತಿ ಏನು?”

‘ಎಲ್ಲರಿಗೂ’ ಎಂದು ಸೇರಿಸಿದೆ. ಐದು ಸಹಿ ಬಿದ್ದವು. ಅವರು ಕಣ್ಣು ತಪ್ಪಿ ಮಾಡಿದ್ದಲ್ಲ ಇದು. ಬೆಳಿಗ್ಗೆ ಅದೇ ಗೋಡೆಯಲ್ಲಿ ಏಳು ಮಕ್ಕಳು ಜಿಗಿದಿದ್ದು ಅವರ ಲೆಕ್ಕದಲ್ಲೇ ಇರಲಿಲ್ಲ. ‘ಎಲ್ಲರೂ’ ಎಂದರೆ ಅವರ ಮಟ್ಟಿಗೆ ಆರು ಹುಡುಗರು. ಮೂವತ್ತು ವರ್ಷ ಸಮಿತಿಯಲ್ಲಿ ಕೂತ ಮನುಷ್ಯರಿಗೆ ಆ ಮಕ್ಕಳು ನೆನಪಿಗೂ ಬರಲಿಲ್ಲ. ಅದನ್ನು ನಾನು ಕ್ಷಮಿಸುವುದಿಲ್ಲ, ಅದರಿಂದಲೇ ನಮಗೆ ಒಳ್ಳೆಯದಾದರೂ ಕ್ಷಮಿಸುವುದಿಲ್ಲ.

ತರಬೇತುದಾರರು ಠರಾವು ಓದಿದರು, ಸಹಿಗಳನ್ನು ನೋಡಿದರು, ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೆಸರಿನ ಮುಂದೆಯೂ ಹದಿನೆಂಟು ಕೂಡಿದರು. ಆಮೇಲೆ ಓದಿದರು: ನೀಲಗಂಗಾ, ಐವತ್ತೊಂಬತ್ತು. ಕೌಶಿಕ, ನಲವತ್ತೆಂಟು. ನಮ್ಮ ಕೇರಿಯ ಉಳಿದ ಆರು ಮಕ್ಕಳ ಅಂಕ ಕೂಡುವ ಮೊದಲು ಇಪ್ಪತ್ತಾರನ್ನು ದಾಟಿರಲಿಲ್ಲ, ಚಿಕ್ಕವರು ಅವರು. ಸಮರ್ಥ ನಲವತ್ತಾರು, ಮೂರನೆಯವನು. ಸೀಟು ಎರಡು.

“ಆಕಿ ಯಾಕ ಬಂದ್ಲು ಇದರಾಗ?” ಎಂದರು ಮಹಾರುದ್ರಪ್ಪನವರು. ಅವರ ಮೆತ್ತನೆಯ ದನಿ ಮೊದಲ ಸಲ ಒಡೆದಿತ್ತು.

“ಜಿಗಿದಳಲ್ಲ ಸರ್,” ಎಂದರು ತರಬೇತುದಾರರು. “ಇದೇ ಗೋಡೆ, ಇವತ್ತೇ. ಬೆಳಿಗ್ಗೆ ನೋಡಿದವಳು ನಾನೇ.” ಪಟ್ಟಿ ಮಡಚಿ ಚೀಲಕ್ಕೆ ಹಾಕಿಕೊಂಡರು. ನನ್ನ ಪಕ್ಕ ಬಂದಾಗ ದನಿ ತಗ್ಗಿಸಿ ಕೇಳಿದರು: “ಈ ಹುಡುಗಿ ಹುಟ್ಟಿದಾಗಿನಿಂದ ಈ ನೆಲದಲ್ಲೇ ಇದ್ದಾಳಾ?” ಹೌದು ಎಂದೆ. ಗೋಡೆಯ ಮೇಲಿದ್ದ ಗುರುತನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಬಸ್ಸಿಗೆ ಹೊರಟರು.

ಸಮಿತಿಯವರು ಮೆಟ್ಟಿಲು ಹತ್ತಿ ಹೋಗುವಾಗ ಅಧ್ಯಕ್ಷರು ನನಗೆ ಒಂದೇ ಮಾತು ಹೇಳಿದರು, ನಾಳೆಯಿಂದ ಟೇಪು ಆಫೀಸಿನಲ್ಲಿ ಇಟ್ಟು ಹೋಗು ಎಂದು. ಇಟ್ಟೆ. ಈಗ ನಾನು ಮೈದಾನದ ಗೇಟಿನ ಕೀಲಿ ನೋಡಿಕೊಳ್ಳುತ್ತೇನೆ. ಸಂಬಳ ಅಷ್ಟೇ ಇದೆ.

ಅವತ್ತು ಮಧ್ಯಾಹ್ನ ಮೂರರ ಹೊತ್ತಿಗೆ ದ್ಯಾಮವ್ವ ಬಂದಳು. ಸುದ್ದಿ ಅವಳಿಗೆ ಮೇಲ್ಪೇಟೆಯ ಯಾರದೋ ಅಡುಗೆಮನೆಯಲ್ಲಿ, ಸಿಲಿಂಡರ್ ಇಳಿಸುವಾಗ ಗೊತ್ತಾಗಿತ್ತು. ಮಗಳು ಜಗಲಿಯಲ್ಲಿ ಬೂಂದಿ ತಿನ್ನುತ್ತಾ ಕೂತಿದ್ದಳು, ಅವಳ ಸುತ್ತ ಓಣಿಯ ಅರ್ಧ ಮಕ್ಕಳು. ದ್ಯಾಮವ್ವ ಮಗಳ ಹತ್ತಿರ ಹೋಗಲಿಲ್ಲ. ನಾನು ಹಳೆಯ, ಹೊಸ ಪಟ್ಟಿಗಳ ಪುಸ್ತಕಗಳನ್ನು ಕಟ್ಟುತ್ತಿದ್ದಲ್ಲಿಗೆ ಬಂದು, ಹೆಗಲ ಮೇಲಿನ ಸಿಂಬಿ ತೆಗೆದು ಕೆಳಗಿಟ್ಟು ಕೂತಳು.

“ಯಮನಪ್ಪಣ್ಣ, ಹದಿನೆಂಟು ಸೇರಿಸಿದ್ರಂತ.”

ಹೌದೆಂದೆ.

“ನಂದು ಎಷ್ಟಿತ್ತು?”

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಪುಸ್ತಕದ ಗಂಟು ಬಿಚ್ಚಿ ಹುಡುಕಿ ತೆಗೆದೆ. ನಾನು ಕೆಲಸಕ್ಕೆ ಸೇರಿದ ಮೊದಲ ಬೇಸಿಗೆಯ ಪಟ್ಟಿ. ಅವಳಿಗಾಗ ಹದಿನಾರು, ನನಗೆ ಇಪ್ಪತ್ತನಾಲ್ಕು. ಹೊಸ ಟೇಪು, ಹೊಸ ಪೆನ್ನು, ಬಹಳ ಜಾಗ್ರತೆಯ ಅಕ್ಷರ. ದ್ಯಾಮವ್ವ, ಮೂವತ್ತೊಂಬತ್ತು, ಸಾಲದು. ಅವತ್ತು ಅವಳಿಗೆ ನಾನು ಇನ್ನೊಂಚೂರು ಪ್ರಯತ್ನ ಮಾಡಬೇಕಿತ್ತು ತಂಗಿ ಎಂದು ಹೇಳಿದ್ದೂ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು.

“ಮೂವತ್ತೊಂಬತ್ತು,” ಎಂದೆ. “ಹದಿನೆಂಟು ಕೂಡಿದರ ಐವತ್ತೇಳು.” ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ಹದಿನೆಂಟು ಕೂಡ ಸರಿಯಲ್ಲ, ಅದು ಅವರ ಹುಡುಗನ ಲೆಕ್ಕ, ನಿಜವಾದ ಲೆಕ್ಕ ಹಾಕಿದರೆ ಅರವತ್ತನಾಲ್ಕು ಆಗುತ್ತಿತ್ತು ಎಂದೆ. ಅವತ್ತಿನ ಸೀಟು ಅವಳದೇ ಆಗಿತ್ತು ಎಂದೆ. ಪ್ರತಿ ಪಟ್ಟಿಯನ್ನೂ ತಿದ್ದುತ್ತೇನೆ, ಇಪ್ಪತ್ತೆರಡು ವರ್ಷದ ಎಲ್ಲ ಹೆಸರಿಗೂ ಕೂಡುತ್ತೇನೆ, ಮನೆಮನೆಗೆ ಹೋಗಿ ಹೇಳುತ್ತೇನೆ ಎಂದೆ. ಮಾತಾಡುತ್ತಾ ಪೆನ್ನಿನ ಮುಚ್ಚಳ ತೆಗೆದು ಅವಳ ಹೆಸರಿನ ಮುಂದೆ ಐವತ್ತೇಳು ಎಂದು ಬರೆದೂಬಿಟ್ಟೆ.

ದ್ಯಾಮವ್ವ ಬಗ್ಗಿ ಆ ಅಂಕಿಯನ್ನು ನೋಡಿದಳು. ಓದು ಅಷ್ಟಾಗಿ ಬಾರದ ಅವಳಿಗೆ ಅಂಕಿ ಬರುತ್ತದೆ. ಅವಳ ಹೆಗಲಿನಲ್ಲಿ ಸಿಲಿಂಡರಿನ ಅಂಚು ಒತ್ತಿ ಒತ್ತಿ ಆದ ಕಪ್ಪು ಗಡ್ಡೆ ರವಿಕೆಯ ಹೊರಗೆ ಕಾಣುತ್ತಿತ್ತು. ಅಳುತ್ತಾಳೇನೋ ಎಂದು ಹೆದರಿದೆ. ಬೈಯಲಿ ಎಂದು ಕಾದೆ. ಅವಳು ಎರಡನ್ನೂ ಮಾಡಲಿಲ್ಲ. ಸಿಂಬಿ ಎತ್ತಿಕೊಂಡು ನಿಂತು, ಐವತ್ತೇಳರ ಪಕ್ಕ ಖಾಲಿಯಿದ್ದ ಕೊನೆಯ ಕಲಂನ ಮೇಲೆ ಬೆರಳಿಟ್ಟಳು.

“ಇಲ್ಲಿ ಒಂದು ಮಾತು ಬರಕೋ ಅಣ್ಣಾ. ನಿನಗ ರೂಢಿ ಇರೂ ಮಾತು. ಸಾಲದು ಅಂತ ಬರಿ.”